ಕೀರ್ತನೆ ಎಲ್ಲರದು, ಪುಸ್ತಕ ಯಾರದು?

ಗುರುಗಳಿಂದ ಸ್ವರಲಿಪಿಯ ಪುಸ್ತಕವೊಂದನ್ನು ಎರವಲು ಪಡೆದು ಜೆರಾಕ್ಸ್ ಅಂಗಡಿಯ ಮುಂದೆ ನಿಂತ ಸಂಗೀತ ವಿದ್ಯಾರ್ಥಿಯ ಮನಸ್ಸಿನಲ್ಲಿ, ಕೃತಿ ಪ್ರಾಚೀನವಾದುದರಿಂದ ಏನು ಮಾಡಿದರೂ ದೋಷವಿಲ್ಲವೆಂಬ ಧೈರ್ಯವಾಗಲಿ, ಒಂದು ಪುಟವನ್ನು ಮುಟ್ಟಿದರೂ ಅಪರಾಧವೆಂಬ ಭೀತಿಯಾಗಲಿ ನೆಲೆಸಿರುವುದುಂಟು. ವಾಗ್ಗೇಯಕಾರನ ಕೃತಿಯನ್ನೂ ಅದನ್ನು ಹೊತ್ತ ಪುಸ್ತಕವನ್ನೂ ಒಂದೇ ಎಂದು ಬಗೆಯುವುದೇ ಈ ಎರಡು ಭ್ರಾಂತಿಗಳಿಗೂ ಮೂಲ.

ತಪ್ಪು ಕಲ್ಪನೆ: ತ್ಯಾಗರಾಜರ ಕೃತಿಗೆ ಒಡೆಯರಿಲ್ಲ, ಆದಕಾರಣ ಅದಿರುವ ಯಾವ ಪುಸ್ತಕವನ್ನಾದರೂ ಪ್ರತಿಮಾಡಬಹುದು.

ಸತ್ಯ: ಪೂರ್ವಾರ್ಧ ನಿರ್ವಿವಾದ. 1957ರ ಕೃತಿಸ್ವಾಮ್ಯ ಅಧಿನಿಯಮವು ಕರ್ತೃವಿನ ಜೀವಿತಕಾಲಕ್ಕೂ ಅನಂತರದ 60 ವರ್ಷಗಳಿಗೂ ಹಕ್ಕನ್ನು ಕೊಡುತ್ತದೆ. 1847ರಲ್ಲಿ ಸಿದ್ಧಿಯನ್ನೈದಿದ ತ್ಯಾಗರಾಜರ ಕೃತಿಗಳೂ ಪುರಂದರದಾಸರ ಪಿಳ್ಳಾರಿ ಗೀತೆಗಳೂ ಸರ್ವರ ಸ್ವತ್ತು. ಆದರೆ ನಮ್ಮ ಕಾಲದ ವಿದ್ವಾಂಸರೊಬ್ಬರು ಪಾಠಾಂತರಗಳನ್ನು ತೂಗಿನೋಡಿ, ಗಮಕದ ಗುರುತುಗಳನ್ನು ಯೋಜಿಸಿ, ಪ್ರತಿಪದಾರ್ಥವನ್ನೂ ಪೀಠಿಕೆಯನ್ನೂ ಬರೆದು ಪ್ರಕಟಿಸಿದಾಗ, ಅವರ ಸ್ವಂತ ವಿವೇಚನೆಯಿಂದ ಹುಟ್ಟಿದ ಆ ಭಾಗ ಅವರದೇ ಆಗುತ್ತದೆ. ಬರಿಯ ಶ್ರಮವಷ್ಟೇ ಸಾಲದು, ಅಲ್ಪವಾದರೂ ಸೃಜನಶೀಲತೆ ಇರತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯವು 2007ರಲ್ಲಿ ತೀರ್ಪಿತ್ತಿದೆ. ಸುಬ್ಬರಾಮ ದೀಕ್ಷಿತರು 1904ರಲ್ಲಿ ಪ್ರಕಟಿಸಿದ 'ಸಂಗೀತ ಸಂಪ್ರದಾಯ ಪ್ರದರ್ಶಿನಿ'ಯ ಸ್ವರಲಿಪಿಯೂ ಇಂದು ಮುಕ್ತ. ಆದರೆ ಅದಕ್ಕೆ ಈಚಿನವರು ಬರೆದ ಅನುವಾದವೂ ಟಿಪ್ಪಣಿಯೂ ಬರೆದವರವು.

ತಪ್ಪು ಕಲ್ಪನೆ: ಶಾಸ್ತ್ರೀಯ ಸಂಗೀತವೆಲ್ಲವೂ ಪುರಾತನ, ಅದಕ್ಕೆ ಹಕ್ಕುಸ್ವಾಮ್ಯದ ಪ್ರಶ್ನೆಯೇ ಇಲ್ಲ.

ಸತ್ಯ: ಶಾಸ್ತ್ರ ಹಳೆಯದಾದರೂ ರಚನೆ ಹೊಸದಿರಬಹುದು. ಮೈಸೂರು ವಾಸುದೇವಾಚಾರ್ಯರು ಕಾಲವಾದುದು 1961ರಲ್ಲಿ. ಅವರ ಜೀವಿತಕಾಲದಲ್ಲೇ ಪ್ರಕಟವಾದ ಕೃತಿಗಳು 2021ರ ಅಂತ್ಯದವರೆಗೂ ರಕ್ಷಿತವಾಗಿದ್ದವು. 1974ರಲ್ಲಿ ನಿಧನರಾದ ಜಯಚಾಮರಾಜ ಒಡೆಯರು ಬದುಕಿದ್ದಾಗ ಬೆಳಕುಕಂಡ ಕೃತಿಗಳಿಗೆ ಈ ಅವಧಿ 2034ರ ಅಂತ್ಯದವರೆಗೆ ಉಂಟು. ಮರಣಾನಂತರ ಮೊದಲಬಾರಿ ಅಚ್ಚಾದ ರಚನೆಗಾದರೋ ಎಣಿಕೆ ಪ್ರಕಟಣೆಯ ವರ್ಷದಿಂದ.

ತಪ್ಪು ಕಲ್ಪನೆ: 'ಹಕ್ಕುಗಳನ್ನು ಕಾದಿರಿಸಿದೆ' ಎಂಬ ಮಾತಿಲ್ಲದ, ಅಥವಾ ಪ್ರತಿಗಳು ಮುಗಿದುಹೋದ ಪುಸ್ತಕ ಯಾರಿಗೂ ಸೇರಿದ್ದಲ್ಲ.

ಸತ್ಯ: ಕೃತಿಯನ್ನು ಬರೆದ ಕ್ಷಣದಲ್ಲೇ ಹಕ್ಕು ಹುಟ್ಟುತ್ತದೆ, ನೋಂದಣಿ ಕಡ್ಡಾಯವಲ್ಲ. ಅಂಗಡಿಯಲ್ಲಿ ಪುಸ್ತಕ ದೊರೆಯದಿರುವುದು ಹಕ್ಕು ಅಳಿಯಿತೆಂಬುದಕ್ಕೆ ಪ್ರಮಾಣವಾಗಲಾರದು.

ತಪ್ಪು ಕಲ್ಪನೆ: ಅವಧಿ ಮುಗಿಯದ ಪುಸ್ತಕದ ಒಂದು ಪುಟವನ್ನೂ ಜೆರಾಕ್ಸ್ ಮಾಡಕೂಡದು, ಅಥವಾ, ಶೇಕಡ 10ರಷ್ಟು ಮಾತ್ರ ಮಾಡಬಹುದು.

ಸತ್ಯ: ಅಧಿನಿಯಮದ 52ನೆಯ ಪ್ರಕರಣವು ಸ್ವಂತ ಅಭ್ಯಾಸ, ಸಂಶೋಧನೆಗಳಿಗಾಗಿ ನ್ಯಾಯೋಚಿತವಾದ ಬಳಕೆಗೂ, ಬೋಧನೆಯ ಸಂದರ್ಭದಲ್ಲಿ ಅಧ್ಯಾಪಕರೋ ವಿದ್ಯಾರ್ಥಿಗಳೋ ಮಾಡಿಕೊಳ್ಳುವ ಪ್ರತಿಗೂ ಅವಕಾಶವಿತ್ತಿದೆ. ದೆಹಲಿ ವಿಶ್ವವಿದ್ಯಾನಿಲಯದ ಆವರಣದ ಜೆರಾಕ್ಸ್ ಅಂಗಡಿಯ ಮೇಲೆ ಪ್ರಕಾಶಕರು ಹೂಡಿದ ದಾವೆಯಲ್ಲಿ ದೆಹಲಿ ಉಚ್ಚ ನ್ಯಾಯಾಲಯವು 2016ರಲ್ಲಿ, ಬೋಧನೆಯ ಉದ್ದೇಶಕ್ಕೆ ಎಷ್ಟು ಅವಶ್ಯವೋ ಅಷ್ಟು ಎಂಬುದನ್ನೇ ಅಳತೆಯಾಗಿ ಹಿಡಿಯಿತು. ಶೇಕಡ ಇಷ್ಟೆಂಬ ಲೆಕ್ಕ ಆ ವಿಧಿಯಲ್ಲಿಲ್ಲ. ಕಲಿಯುತ್ತಿರುವ ಒಂದು ವರ್ಣದ ಎರಡು ಪುಟಗಳನ್ನು ಶಿಷ್ಯನು ಪ್ರತಿಮಾಡಿಕೊಳ್ಳುವುದು ಈ ಅವಕಾಶಕ್ಕೆ ಒಪ್ಪುವಂಥದು. ಇಡೀ ಪುಸ್ತಕವನ್ನು ಪ್ರತಿಮಾಡಿ, ಹೊಲಿಗೆ ಹಾಕಿಸಿ, ಬೆಲೆ ಕಟ್ಟಿ ಮಾರುವುದು ಒಪ್ಪದು.

ಆದುದರಿಂದ ಓದುಗರಲ್ಲಿ ಬಿನ್ನಹವಿಷ್ಟೆ: ಪುಟವನ್ನು ಯಂತ್ರದ ಮೇಲಿಡುವ ಮೊದಲು, ರಚಿಸಿದವರು ಯಾರು, ಸ್ವರಪಡಿಸಿದವರು ಯಾರು, ನನಗೆ ಬೇಕಾದುದು ಎಷ್ಟು ಎಂದು ಕೇಳಿಕೊಳ್ಳಿರಿ, ಪುಸ್ತಕ ಪೂರ್ತಿಯಾಗಿ ಬೇಕಾಗಿ, ಅದು ಮಾರಾಟದಲ್ಲೂ ಇದ್ದರೆ, ಕೊಂಡು ಓದಿರಿ. ಗುರುಮುಖದಿಂದ ಬಂದ ವಿದ್ಯೆಯನ್ನು ಕಾಗದಕ್ಕಿಳಿಸಿ ನಮಗಿತ್ತವರ ಋಣ ಹಾಗೆ ತೀರಬೇಕು.