ಬಿಪಿ ನೋಡುವ ಕೈ

ಹರಿಯುವ ರಕ್ತ ಅಪಧಮನಿಯ ಗೋಡೆಯ ಮೇಲೆ ಹಾಕುವ ಒತ್ತಡವೇ ರಕ್ತದೊತ್ತಡ. ಹೃದಯ ಹಿಂಡಿಕೊಂಡಾಗ ಅದು ಏರುತ್ತದೆ, ಸಡಿಲಗೊಂಡಾಗ ಇಳಿಯುತ್ತದೆ. ಮೇಲಿನ ಅಂಕಿ ಸಿಸ್ಟೋಲಿಕ್, ಕೆಳಗಿನದು ಡಯಾಸ್ಟೋಲಿಕ್. ಬೇರೆ ಬೇರೆ ದಿನ ನೋಡಿದಾಗಲೂ ಮೇಲಿನದು 140 ಅಥವಾ ಕೆಳಗಿನದು 90 ಮಿ.ಮೀ. ಪಾದರಸವನ್ನು ಮುಟ್ಟಿದರೆ ಅಧಿಕ ರಕ್ತದೊತ್ತಡ ಎನ್ನಬೇಕು. ಎರಡರಲ್ಲಿ ಒಂದು ಮುಟ್ಟಿದರೂ ಸಾಕು. ಅಮೆರಿಕದ ಹೃದ್ರೋಗ ತಜ್ಞರ ಸಂಘಗಳು 2017ರಲ್ಲಿ ಈ ಗೆರೆಯನ್ನು 130/80ಕ್ಕೆ ಇಳಿಸಿದವು. ಭಾರತದ ಸರ್ಕಾರಿ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿರುವುದು 140/90.

ಕನ್ನಡದ ಆಡುಮಾತಿನಲ್ಲಿ ‘ಬಿಪಿ’ ಎಂದರೆ ಕಾಯಿಲೆಯ ಹೆಸರೇ. ‘ಬಿಪಿ ಇದೆಯಾ?’ ಎಂದು ಕೇಳಿದರೆ, ‘ಇಲ್ಲ ಸಿಸ್ಟರ್, ತಲೆ ಸುತ್ತೋದೇನೂ ಇಲ್ಲ’ ಎಂಬ ಉತ್ತರ ಬರುವುದುಂಟು. ನರ್ಸಿಂಗ್ ವಿದ್ಯಾರ್ಥಿ ಮೊದಲು ಅರಿಯಬೇಕಾದದ್ದು ಈ ಉತ್ತರದ ಅಪಾಯವನ್ನು. ಬಹುಪಾಲು ರೋಗಿಗಳಿಗೆ ತಲೆಸುತ್ತೂ ಇರುವುದಿಲ್ಲ, ತಲೆನೋವೂ ಇರುವುದಿಲ್ಲ. ಸದ್ದಿಲ್ಲದೆ ಹೃದಯದ ಎಡಗೋಡೆ ದಪ್ಪಗಾಗುತ್ತದೆ, ಮೂತ್ರಪಿಂಡದ ಸೋಸುವ ಶಕ್ತಿ ಕುಂದುತ್ತದೆ, ಕಣ್ಣಿನ ಅಕ್ಷಿಪಟಲದ ರಕ್ತನಾಳಗಳು ಕೆಡುತ್ತವೆ. ಲಕ್ವ ಹೊಡೆದ ದಿನವೇ ಬಿಪಿ ಇತ್ತೆಂದು ಮನೆಯವರಿಗೆ ಗೊತ್ತಾಗುವ ಪ್ರಸಂಗಗಳು ಕಡಿಮೆಯೇನಲ್ಲ.

ಒತ್ತಡವನ್ನು ನಿರ್ಧರಿಸುವವು ಎರಡು: ಹೃದಯ ನಿಮಿಷಕ್ಕೆ ಹೊರದೂಡುವ ರಕ್ತದ ಪ್ರಮಾಣ ಮತ್ತು ಸಣ್ಣ ಅಪಧಮನಿಗಳ ಬಿಗಿತ. ಮೂತ್ರಪಿಂಡಕ್ಕೆ ರಕ್ತ ಸಾಲದೆ ಬಂದಾಗ ಅದು ರೆನಿನ್ ಸ್ರವಿಸುತ್ತದೆ. ಅದರಿಂದ ಹುಟ್ಟುವ ಆಂಜಿಯೊಟೆನ್ಸಿನ್ ರಕ್ತನಾಳಗಳನ್ನು ಬಿಗಿಯುತ್ತದೆ. ಅದರ ಪ್ರಚೋದನೆಯಿಂದ ಸ್ರವಿಸುವ ಅಲ್ಡೋಸ್ಟೆರೋನ್ ಹಾರ್ಮೋನ್ ಉಪ್ಪನ್ನೂ ನೀರನ್ನೂ ದೇಹದಲ್ಲೇ ಹಿಡಿದಿಡುತ್ತದೆ. ಇಂದಿನ ಅನೇಕ ಬಿಪಿ ಮಾತ್ರೆಗಳು ಕೆಲಸ ಮಾಡುವುದು ಈ ಸರಪಳಿಯ ಒಂದಲ್ಲ ಒಂದು ಕೊಂಡಿಯ ಮೇಲೆ.

ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್ ಕುದುರೆಯ ಅಪಧಮನಿಗೆ ಗಾಜಿನ ಕೊಳವೆ ಜೋಡಿಸಿ, ರಕ್ತ ಎಂಟು ಅಡಿಗೂ ಮೇಲೇರಿದ್ದನ್ನು ಕಂಡು, 1733ರಲ್ಲಿ ಪ್ರಕಟಿಸಿದ. ತೋಳಿಗೆ ಪಟ್ಟಿ ಕಟ್ಟಿ ಅಳೆಯುವ ಉಪಕರಣವನ್ನು 1896ರಲ್ಲಿ ಇಟಲಿಯ ರಿವಾ ರೊಚ್ಚಿ ಕೊಟ್ಟ. ಆದರೆ ಅದರಿಂದ ಸಿಕ್ಕಿದ್ದು ಮೇಲಿನ ಅಂಕಿ ಮಾತ್ರ. ಪಟ್ಟಿಯ ಕೆಳಗೆ ಸ್ಟೆತಾಸ್ಕೋಪ್ ಇಟ್ಟು ಎರಡೂ ಅಂಕಿಗಳನ್ನು ಕೇಳಿಸಿಕೊಳ್ಳುವ ದಾರಿ ತೋರಿದವನು 1905ರಲ್ಲಿ ರಷ್ಯಾದ ಕೊರೊಟ್ಕೋಫ್. ಮೊದಲ ಟಪ್ ಸದ್ದು ಸಿಸ್ಟೋಲಿಕ್, ಸದ್ದು ಪೂರ್ತಿ ಅಡಗಿದ ಕ್ಷಣ ಡಯಾಸ್ಟೋಲಿಕ್.

ನರ್ಸ್ ಬರೆಯುವ ಅಂಕಿಯ ಮೇಲೆ ಒಬ್ಬರ ಜೀವಮಾನದ ಮಾತ್ರೆ ನಿಂತಿರುತ್ತದೆ. ಹಾಗಾಗಿ ಅಳತೆಯಲ್ಲಿ ಅವಸರ ಸಲ್ಲದು. ಬಸ್ಸಿಳಿದು ಮೆಟ್ಟಿಲು ಹತ್ತಿ ಬಂದವರನ್ನು ಐದು ನಿಮಿಷ ಸುಮ್ಮನೆ ಕೂರಿಸಬೇಕು. ಅರ್ಧ ಗಂಟೆಯೊಳಗೆ ಕಾಫಿ ಕುಡಿದಿರಬಾರದು, ಬೀಡಿ ಸೇದಿರಬಾರದು. ಮೂತ್ರ ಕಟ್ಟಿಕೊಂಡೂ ಇರಬಾರದು. ಬೆನ್ನಿಗೆ ಆಸರೆ ಬೇಕು, ಪಾದ ನೆಲಕ್ಕೆ ಊರಿರಬೇಕು, ತೋಳು ಹೃದಯದ ಮಟ್ಟದಲ್ಲಿ ಒರಗಿರಬೇಕು. ತೋಳು ಹತ್ತು ಸೆಂ.ಮೀ. ಕೆಳಗಿದ್ದರೆ ಅಂಕಿ ಏಳೆಂಟು ಮಿ.ಮೀ. ಹೆಚ್ಚು ಬರುತ್ತದೆ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೂ ಇಲ್ಲದ ಬಿಪಿ ಕಾಣಿಸುತ್ತದೆ. ಪಟ್ಟಿಯೊಳಗಿನ ಗಾಳಿಚೀಲ ತೋಳಿನ ಸುತ್ತಳತೆಯ ಕನಿಷ್ಠ ಶೇ 80ರಷ್ಟನ್ನು ಸುತ್ತಬೇಕು. ಸ್ಟೆತಾಸ್ಕೋಪ್ ಹಚ್ಚುವ ಮೊದಲು ಮಣಿಕಟ್ಟಿನ ನಾಡಿ ಹಿಡಿದು, ಅದು ನಿಂತ ಮೇಲೂ 30 ಮಿ.ಮೀ. ಗಾಳಿ ತುಂಬಬೇಕು. ಕೆಲವರಲ್ಲಿ ಸದ್ದು ನಡುವೆ ಅಡಗಿ ಮತ್ತೆ ಕೇಳುವುದರಿಂದ, ಈ ಹೆಜ್ಜೆ ಬಿಟ್ಟರೆ 190 ಇರುವ ಸಿಸ್ಟೋಲಿಕ್ 150 ಎಂದು ದಾಖಲಾದೀತು. ಗಾಳಿಯನ್ನು ಸೆಕೆಂಡಿಗೆ ಎರಡು–ಮೂರು ಮಿ.ಮೀ.ನಂತೆ ಬಿಡಬೇಕು. ಹಾಳೆಯ ತುಂಬ 120/80, 130/90 ಎಂಬ ದುಂಡು ಅಂಕಿಗಳೇ ಇದ್ದರೆ ಯಾರೋ ಅಂದಾಜಿನಲ್ಲಿ ಬರೆದಿದ್ದಾರೆಂದೇ ಅನುಮಾನಿಸಬೇಕು. ಮೊದಲ ಭೇಟಿಯಲ್ಲಿ ಎರಡೂ ತೋಳು ನೋಡುವುದು ಕ್ರಮ. ಡಯಾಲಿಸಿಸ್‌ಗೆ ಫಿಸ್ಟುಲಾ ಮಾಡಿದ ತೋಳಿಗೆ ಮಾತ್ರ ಪಟ್ಟಿ ಕಟ್ಟಲೇಬಾರದು.

180/120 ದಾಟಿದ್ದು, ಜೊತೆಗೆ ಎದೆನೋವು, ಉಸಿರಾಟದ ತೊಂದರೆ, ಮಾತು ತೊದಲುವುದು, ದೃಷ್ಟಿ ಮಂಜಾಗುವುದು ಕಂಡರೆ ತಕ್ಷಣ ವೈದ್ಯರನ್ನು ಕರೆಯಬೇಕು. ಗರ್ಭಿಣಿಯಲ್ಲಿ ಇಪ್ಪತ್ತು ವಾರದ ನಂತರ ಹೊಸದಾಗಿ 140/90 ಬಂದರೆ ಅದೇ ಎಚ್ಚರಿಕೆ. ಮೂತ್ರದಲ್ಲಿ ಪ್ರೋಟೀನ್ ಪರೀಕ್ಷಿಸಬೇಕು, ತಲೆನೋವು, ಕಣ್ಣು ಮಂಜಾಗುವುದನ್ನು ಕೇಳಿ ತಿಳಿಯಬೇಕು. ಅಲಕ್ಷಿಸಿದರೆ ಫಿಟ್ಸ್ ಬಂದು ತಾಯಿ–ಮಗು ಇಬ್ಬರ ಜೀವಕ್ಕೂ ಕುತ್ತು.

ಬಿಪಿ ಇರುವವರು ಉಪ್ಪನ್ನೂ ತಗ್ಗಿಸಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ದಿನದ ಉಪ್ಪು ಐದು ಗ್ರಾಮಿಗಿಂತ ಕಡಿಮೆ, ಅಂದರೆ ಒಂದು ಟೀ ಚಮಚದೊಳಗೆ. ‘ಉಪ್ಪು ಕಮ್ಮಿ ಮಾಡಿ’ ಎಂದಷ್ಟೇ ಹೇಳಿದರೆ ಸಾರಿಗೆ ಹಾಕುವ ಉಪ್ಪು ತಗ್ಗೀತು. ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿ ಹಾಗೇ ಉಳಿದಾವು. ಅವುಗಳನ್ನು ಹೆಸರಿಸಿಯೇ ಕೇಳಬೇಕು.

ಬಿಪಿ ಸರಿಹೋಯಿತೆಂದು ಮಾತ್ರೆ ಬಿಡುವವರು ಬಹಳ. ಸರಿಹೋದದ್ದು ಮಾತ್ರೆಯಿಂದಲೇ ಎಂದು ಬಿಡಿಸಿ ಹೇಳುವ ಹೊಣೆ ನರ್ಸಿನದು. ಅಮ್ಲೋಡಿಪಿನ್‌ನಿಂದ ಕಾಲು ಊದಬಹುದು, ಎನಲಾಪ್ರಿಲ್‌ನಿಂದ ಒಣಕೆಮ್ಮು ಬರಬಹುದು. ಇದನ್ನು ವೈದ್ಯರಿಗೆ ತಿಳಿಸಿದರೆ ಮಾತ್ರೆ ಬದಲಾಗುತ್ತದೆ. ಮಾತ್ರೆ ಆರಂಭಿಸಿದ ವೃದ್ಧರನ್ನು ಎದ್ದು ನಿಲ್ಲಿಸಿಯೂ ಬಿಪಿ ನೋಡಬೇಕು. ಎದ್ದುನಿಂತ ಮೂರು ನಿಮಿಷದೊಳಗೆ ಮೇಲಿನದು 20 ಅಥವಾ ಕೆಳಗಿನದು 10 ಕುಸಿದರೆ, ರಾತ್ರಿ ಬಚ್ಚಲಿಗೆ ಹೋಗುವಾಗ ಬಿದ್ದು ಸೊಂಟ ಮುರಿದುಕೊಳ್ಳುವ ಭಯವಿದೆ; ಆ ಅಂಕಿಯೂ ಕೇಸ್ ಶೀಟಿನಲ್ಲಿ ಇರಬೇಕು.