ಗೇರು ಬೀಳದಿದ್ದರೆ ಘಾಟಿ ಏರದು

ಏರ್ಕಾಡ್: ಸೇಲಂನಿಂದ ಈ ಬೆಟ್ಟಕ್ಕೆ 20 ಹೇರ್‌ಪಿನ್ ತಿರುವು. ಎತ್ತರ ಸುಮಾರು 1,500 ಮೀಟರ್. ಇಲ್ಲಿ ಹಿಂದಿನ ಗೇರು ಕೈಕೊಟ್ಟರೆ ಸೈಕಲ್ ತಳ್ಳುವುದೇ ಗತಿ. ಕೂಡಲೇ ಹೊಸ ಗೇರಿಗೆ ದುಡ್ಡು ಸುರಿಯುವವರನ್ನು ನಾನು ಕಂಡಿದ್ದೇನೆ. ಬೇಡ ಸ್ವಾಮಿ!

ಮೊದಲು ಕೇಬಲ್ ನೋಡಿ. ಮಂಜು-ಮಳೆಗೆ ತುಕ್ಕು ಹಿಡಿದಿದ್ದರೆ ತಂತಿ, ಕೊಳವೆ ಎರಡನ್ನೂ ಬದಲಿಸಿ. ಸೈಕಲ್ ಬಿದ್ದಿದ್ದರೆ ಗೇರು ಹಿಡಿದ ಕೊಂಡಿ ಬಾಗಿರಬಹುದು. ಅದನ್ನು ನೇರ ಮಾಡದೆ ಬೇರೇನು ಮಾಡಿದರೂ ಫಲವಿಲ್ಲ.

ಚೈನು ದೊಡ್ಡ ಹಲ್ಲುಚಕ್ರಕ್ಕೆ ಏರದೇ? ಕೇಬಲ್ ಸಡಿಲವಾಗಿದೆ. ಹಿಂದೆ ನಿಂತು, ಕೇಬಲ್ ಗೇರಿಗೆ ಸೇರುವಲ್ಲಿನ ತಿರುಪನ್ನು ಎಡಕ್ಕೆ ಅರ್ಧ ಸುತ್ತು ತಿರುಗಿಸಿ. ಚಿಕ್ಕದಕ್ಕೆ ಇಳಿಯದಿದ್ದರೆ ಬಲಕ್ಕೆ. ಚೈನು ಕಡ್ಡಿಗಳತ್ತ ಜಾರಿದರೆ ‘ಎಲ್’ ಗುರುತಿನ ಸ್ಕ್ರೂ ಬಿಗಿಮಾಡಿ. ಇಲ್ಲವಾದರೆ ಚಕ್ರವೇ ಸಿಕ್ಕಿಕೊಂಡು ಆಸಾಮಿ ಉರುಳುತ್ತಾನೆ.