ಮೂಳೆ ಸವೆತಕ್ಕೆ ಚೀನೀ ಸೊಪ್ಪು

ಮುಟ್ಟು ನಿಂತ ಮೇಲೆ ಬಚ್ಚಲಲ್ಲಿ ಜಾರಿದರೂ ಮೂಳೆ ಮುರಿದೀತೆಂಬ ಭಯ ನಿಮಗೂ ಉಂಟಲ್ಲವೇ? ಈಸ್ಟ್ರೋಜೆನ್ ಕಡಿಮೆಯಾದಾಗ ಮೂಳೆ ಕಟ್ಟುವುದಕ್ಕಿಂತ ಕರಗುವುದೇ ಹೆಚ್ಚು.

ಚೀನಾದ ನಾಟಿ ವೈದ್ಯರು ಮೂಳೆಯ ಬಲಕ್ಕೆಂದು ಹಿಂದಿನಿಂದಲೂ ಕೊಡುವ ಸೊಪ್ಪು 'ಯಿನ್ ಯಾಂಗ್ ಹುವೋ'. ಅದರಲ್ಲಿರೋ ಇಕಾರಿನ್ ಎಂಬ ಅಂಶ ಸ್ವಲ್ಪಮಟ್ಟಿಗೆ ಈಸ್ಟ್ರೋಜೆನ್‌ನಂತೆಯೇ ಕೆಲಸ ಮಾಡುತ್ತದಂತೆ. ಅಲ್ಲಿನ ಸಂಶೋಧಕರು ಮುಟ್ಟು ನಿಂತ 100 ಹೆಂಗಸರ ಮೇಲೆ ಪರೀಕ್ಷೆ ನಡೆಸಿ 2007ರಲ್ಲಿ ಪ್ರಕಟಿಸಿದರು. ಎಲ್ಲರಿಗೂ ದಿನಾ 300 ಮಿಲಿಗ್ರಾಂ ಕ್ಯಾಲ್ಸಿಯಂ. ಅರ್ಧ ಮಂದಿಗೆ ಮಾತ್ರ ಈ ಸೊಪ್ಪಿನ ಸಾರ. ಎರಡು ವರ್ಷವಾದರೂ ಸಾರ ತೆಗೆದುಕೊಂಡವರ ಸೊಂಟ, ಬೆನ್ನಿನ ಮೂಳೆ ಸವೆಯಲಿಲ್ಲ. ಉಳಿದವರದು ಸವೆಯಿತು.

ಸಂತೋಷವೇ! ಆದರೆ ಮೂಳೆ ಮುರಿಯೋದು ತಪ್ಪುತ್ತದೆಯೇ ಎಂಬುದು ನೂರು ಜನರಿಂದ ತಿಳಿಯುವ ಮಾತಲ್ಲ. ಡಾಕ್ಟರು ಕೊಟ್ಟ ಮಾತ್ರೆ ಬಿಟ್ಟು ಇದರ ಪುಡಿ ತರಿಸಬೇಡಿ. ಸ್ತನದ ಕ್ಯಾನ್ಸರ್ ಆದವರಂತೂ ಅವರನ್ನು ಕೇಳದೆ ಮುಟ್ಟಲೇಬೇಡಿ.